ಅರ್ಧಕ್ಕೆ ನಿಂತ ಹೆಣಿಗೆಗಳ ಬಗ್ಗೆ

ನಾಲ್ಕು ಹೆಣಿಗೆಗಳು ಅರ್ಧಕ್ಕೆ ನಿಂತಿರುವಾಗ ಐದನೆಯದನ್ನು ಆರಂಭಿಸಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಆರಂಭಿಸಿ. ಮಡಿಕೇರಿಯ ಜುಲೈ ಮಳೆಯಲ್ಲಿ ಕರೆಂಟು ಹೋದ ಸಂಜೆಗೆ ನನಗೆ ನೋಡದೆಯೇ ಹೆಣೆಯಬಹುದಾದ ಸಾದಾ ಮಫ್ಲರ್ ಬೇಕು. ಹಗಲಿನ ಬೆಳಕಿಗೆ ಜಡೆ ವಿನ್ಯಾಸದ ಸ್ವೆಟರ್.

ಆದರೆ ಕಡ್ಡಿಯನ್ನು ಬೇರೆ ಹೆಣಿಗೆಗೆ ತೆಗೆದುಕೊಳ್ಳುವ ಮುನ್ನ ಅದರ ಅಳತೆಯನ್ನು ಚೀಟಿಯಲ್ಲಿ ಬರೆದು ಅರ್ಧಕ್ಕೆ ನಿಂತ ಹೆಣಿಗೆಗೇ ಸಿಕ್ಕಿಸಿಡಿ. ನಾನು ಬರೆದಿಡದೆ, 4 ಮಿಲಿಮೀಟರ್ ಕಡ್ಡಿಯಲ್ಲಿ ತೊಡಗಿದ ತೋಳನ್ನು ಮೂರೂವರೆಯದರಲ್ಲಿ ಮುಂದುವರಿಸಿದೆ. ಮೊಣಕೈಯಿಂದ ಕೆಳಗೆ ಬಿಗಿಯಾಗಿ, ಅಷ್ಟನ್ನೂ ಬಿಚ್ಚಬೇಕಾಯಿತು. ಉಣ್ಣೆಯ ಲೇಬಲ್ ಕೂಡ ಇರಲಿ. ಬಣ್ಣ ಒಂದೇ ಆದರೂ ಲಾಟ್ ಸಂಖ್ಯೆ (ಒಂದೇ ಸಲ ಬಣ್ಣ ಹಾಕಿದ ಉಣ್ಣೆಗೆ ಕೊಡುವ ಸಂಖ್ಯೆ) ಬೇರೆಯಾದರೆ ಛಾಯೆ ಬದಲಾಗಬಹುದು.

ನಮ್ಮ ಮಳೆಗಾಲದಲ್ಲಿ ಬೂಷ್ಟಿನ ಭಯವೇ ದೊಡ್ಡದು. ಮಳೆ ಬಿಟ್ಟ ದಿನ ಎಲ್ಲವನ್ನೂ ಗಾಳಿಯಾಡುವ ನೆರಳಿನಲ್ಲಿ ಹರಡಿ, ಹಾಗೆಯೇ ಒಂದೆರಡು ಸಾಲು ಹೆಣೆಯಿರಿ.