ಡೈಪರ್ ರ‍್ಯಾಶ್: ಮೊದಲು ಮಡಿಕೆ ಬಿಡಿಸಿ ನೋಡಿ

ಪ್ರಶ್ನೆ: ಎಂಟು ತಿಂಗಳ ಮಗುವಿಗೆ ಡೈಪರ್ ಹಾಕುವ ಜಾಗವೆಲ್ಲ ಕೆಂಪಾಗಿದೆ. ಪ್ರತಿ ಸಲ ಸೋಪು ಹಾಕಿ ತೊಳೆದು, ಹಳೆಯ ಕ್ರೀಮ್ ಪೂರ್ತಿ ಒರೆಸಿ ತೆಗೆದು ಹೊಸದು ಹಚ್ಚುತ್ತೇನೆ. ನಾಲ್ಕು ದಿನವಾದರೂ ಇಳಿದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ತೊಳೆಯುವುದೂ ಒರೆಸುವುದೂ ಅತಿಯಾಗಿದೆ. ಗಂಟೆಗಟ್ಟಲೆ ಒದ್ದೆಯಲ್ಲಿ ನೆನೆದ ಚರ್ಮ ಮೆತ್ತಗಾಗಿ, ಡೈಪರ್ ಉಜ್ಜಿದರೂ ಗಾಯವಾಗುತ್ತದೆ. ಮೂತ್ರಕ್ಕೆ ಮಲ ಸೇರಿದರಂತೂ ಮಲದಲ್ಲಿರುವ ಬ್ಯಾಕ್ಟೀರಿಯಾಗಳು ಮೂತ್ರದ ಯೂರಿಯಾವನ್ನು ಅಮೋನಿಯ ಎಂಬ ಕ್ಷಾರವಾಗಿ ಮಾಡುತ್ತವೆ, ಚರ್ಮದ ಸಹಜ ಆಮ್ಲೀಯತೆ ಇಳಿಯುತ್ತದೆ. ಆಗ ಮಲದಲ್ಲೇ ಇರುವ, ಪ್ರೋಟೀನ್ ಮತ್ತು ಕೊಬ್ಬನ್ನು ಕರಗಿಸುವ ಕಿಣ್ವಗಳು ಚುರುಕಾಗಿ ಚರ್ಮದ ಮೇಲೇ ಕೆಲಸ ಶುರುಮಾಡುತ್ತವೆ. ಭೇದಿಯಾದಾಗ ಒಂದೇ ರಾತ್ರಿಯಲ್ಲಿ ಚರ್ಮ ಕೆಂಡದಂತಾಗುವುದು ಇದಕ್ಕೇ. ಸೋಪು ಕೂಡ ಕ್ಷಾರವೇ. ಉರಿಯುವ ಚರ್ಮಕ್ಕೆ ಅದು ಬೇಡ.

ಹಗಲಲ್ಲಿ 2–3 ಗಂಟೆಗೊಮ್ಮೆ ಡೈಪರ್ ಬದಲಿಸಿ, ಮಲವಾದರೆ ತಕ್ಷಣ. ಉಗುರುಬೆಚ್ಚಗಿನ ನೀರು ಸುರಿದು ಅಥವಾ ಒದ್ದೆ ಹತ್ತಿಯಿಂದ ಶುಚಿಮಾಡಿ, ಉಜ್ಜದೆ ಮೆತ್ತನೆ ಬಟ್ಟೆ ಒತ್ತಿ ನೀರು ತೆಗೆಯಿರಿ. ಹತ್ತು ಹದಿನೈದು ನಿಮಿಷ ಗಾಳಿಗೆ ಬಿಡಿ. ಇದನ್ನು ದಿನಕ್ಕೆ ಮೂರ್ನಾಲ್ಕು ಸಲ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ನಂತರ ಝಿಂಕ್ ಆಕ್ಸೈಡ್ ಮುಲಾಮು. ತೆಳ್ಳಗೆ ಸವರಿದರೆ ಹೆಚ್ಚು ಪ್ರಯೋಜನವಿಲ್ಲ. ಕೆಳಗಿನ ಕೆಂಪು ಕಾಣದಷ್ಟು ದಪ್ಪಗೆ ಮೆತ್ತಬೇಕು. ಅದು ಮಲಮೂತ್ರ ತಾಗದಂತೆ ತಡೆಯುವ ಗೋಡೆ. ಮುಂದಿನ ಸಲ ಹೊಲಸಾದ ಮೇಲ್ಪದರವನ್ನಷ್ಟೇ ಒರೆಸಿ, ಉಳಿದ ಬಿಳಿ ಪದರದ ಮೇಲೇ ಮತ್ತೆ ಹಚ್ಚಿ. ಅದನ್ನು ಕೆರೆದು ತೆಗೆದರೆ ಆಗಷ್ಟೇ ಮೂಡುತ್ತಿದ್ದ ಹೊಸ ಚರ್ಮವೂ ಜೊತೆಗೇ ಬರುತ್ತದೆ. ಪೂರ್ತಿ ತೆಗೆಯಲೇಬೇಕಾದಾಗ ಹತ್ತಿಗೆ ಬೇಬಿ ಆಯಿಲ್ ಹಾಕಿಕೊಳ್ಳಿ.

ಇಷ್ಟು ಮಾಡಿ 2–3 ದಿನದಲ್ಲಿ ಇಳಿಯದಿದ್ದರೆ ಫಂಗಸ್ ಇದೆಯೇ ಎಂದು ನೋಡಬೇಕು.

ಪ್ರಶ್ನೆ: ಅದು ಫಂಗಸ್ ಎಂದು ತಿಳಿಯುವುದು ಹೇಗೆ?

ಉತ್ತರ: ತೊಡೆಸಂದಿನ ಮಡಿಕೆಯನ್ನು ಬೆರಳಿಂದ ಬಿಡಿಸಿ, ಒಳ್ಳೆಯ ಬೆಳಕಿನಲ್ಲಿ ನೋಡಿ. ಸಾಮಾನ್ಯ ರ‍್ಯಾಶ್ ಡೈಪರ್ ತಾಗುವ ಉಬ್ಬುಗಳ ಮೇಲಿರುತ್ತದೆ, ಮಡಿಕೆಯ ಆಳ ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಕ್ಯಾಂಡಿಡಾ ಫಂಗಸ್ ಮಡಿಕೆಯೊಳಗೇ ಬೇರೂರುತ್ತದೆ: ಗಾಢ ಕೆಂಪು, ಅಂಚು ಸ್ಪಷ್ಟ, ಅಂಚಿನಾಚೆ ಚೆಲ್ಲಿದಂತೆ ಸಣ್ಣ ಸಣ್ಣ ಕೆಂಪು ಗುಳ್ಳೆಗಳು. ಕಪ್ಪು ಮೈಬಣ್ಣದ ಮಗುವಿನಲ್ಲಿ ಕೆಂಪು ಅಷ್ಟಾಗಿ ಕಾಣದು. ನೇರಳೆ ಅಥವಾ ಕಂದು ಛಾಯೆ ಇರಬಹುದು, ಹಾಗಾಗಿ ಗುಳ್ಳೆಗಳನ್ನೇ ಹುಡುಕಿ. ಆಂಟಿಬಯೋಟಿಕ್ ಕೊಟ್ಟ ನಂತರ ಇದು ಹೆಚ್ಚು. ಬಾಯಲ್ಲಿ, ಒರೆಸಿದರೂ ಹೋಗದ ಬಿಳಿ ಪದರವಿದೆಯೇ ಎಂದೂ ನೋಡಿ, ಅದೂ ಇದೇ ಫಂಗಸ್ ಇರಬಹುದು.

ಇದಕ್ಕೆ ಝಿಂಕ್ ಒಂದೇ ಸಾಲದು. ವೈದ್ಯರು ಸಾಮಾನ್ಯವಾಗಿ 1% ಕ್ಲೋಟ್ರಿಮಜೋಲ್ ಅಥವಾ ನಿಸ್ಟಾಟಿನ್ ಬರೆದುಕೊಡುತ್ತಾರೆ. ಅದನ್ನು ಮೊದಲು ತೆಳ್ಳಗೆ ಹಚ್ಚಿ, ಮೇಲೆ ಝಿಂಕ್ ಮೆತ್ತಿ. ಅದಲುಬದಲಾದರೆ ಔಷಧ ಚರ್ಮಕ್ಕೆ ತಲುಪುವುದೇ ಇಲ್ಲ. ಕೆಂಪು ಮಾಯವಾದ ದಿನವೇ ನಿಲ್ಲಿಸಬೇಡಿ, ಹೇಳಿದಷ್ಟು ದಿನ ಹಚ್ಚಿ.

ಗುದದ್ವಾರದ ಸುತ್ತ ಮಾತ್ರ ಉಂಗುರದಂತೆ ಕಡುಕೆಂಪಾಗಿ ಮಗು ಮಲಕ್ಕೆ ಮುಕ್ಕರಿದು ಅಳುತ್ತಿದ್ದರೆ ಅದು ಸ್ಟ್ರೆಪ್ಟೋಕಾಕಸ್ ಸೋಂಕಿರಬಹುದು, ಅದಕ್ಕೆ ಆಂಟಿಬಯೋಟಿಕ್ಕೇ ಬೇಕು. ಜ್ವರ, ಕೀವು, ನೀರುಗುಳ್ಳೆ, ಹಳದಿ ಹೆಕ್ಕಳೆ ಕಂಡರೆ ಅಂದೇ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮನೆಯಲ್ಲಿ ದೊಡ್ಡವರ ಚರ್ಮರೋಗದ ಟ್ಯೂಬ್ ಇದೆ, ತುರಿಕೆ ಬೇಗ ನಿಲ್ಲುತ್ತದೆ. ಅದನ್ನೇ ಹಚ್ಚಬಹುದೇ? ಪೌಡರ್?

ಉತ್ತರ: ದಯವಿಟ್ಟು ಬೇಡ. ಅಂಥ ಟ್ಯೂಬ್ ಮೇಲೆ ಕ್ಲೋಬೆಟಸಾಲ್, ಬೀಟಾಮೆಥಸೋನ್ ಎಂಬ ಹೆಸರಿದೆಯೇ ಓದಿ ನೋಡಿ. ಇವು ತೀವ್ರ ಸ್ಟೀರಾಯ್ಡ್‌ಗಳು. ಮಗುವಿನ ಚರ್ಮ ತೆಳು, ಮೇಲೆ ಡೈಪರ್ ಬಿಗಿಯಾಗಿ ಮುಚ್ಚಿರುವುದರಿಂದ ಔಷಧ ಇನ್ನೂ ಹೆಚ್ಚು ಒಳಗಿಳಿಯುತ್ತದೆ. ಎರಡು ದಿನ ವಾಸಿಯಾದಂತೆ ಕಂಡರೂ ಚರ್ಮ ಸವೆಯುತ್ತದೆ, ಫಂಗಸ್ ಇದ್ದರೆ ಮತ್ತಷ್ಟು ಹರಡುತ್ತದೆ. ಪೌಡರ್ ಕೂಡ ಬೇಡ, ಅದರ ಧೂಳು ಮಗುವಿನ ಶ್ವಾಸಕೋಶ ಸೇರುತ್ತದೆ.

ಪ್ರಶ್ನೆ: ಬಟ್ಟೆಯ ಲಂಗೋಟಿಯಾದರೆ ರ‍್ಯಾಶ್ ಆಗುವುದಿಲ್ಲವೇ?

ಉತ್ತರ: ಆಗುತ್ತದೆ. ಬಟ್ಟೆ ಒದ್ದೆಯನ್ನು ಚರ್ಮಕ್ಕೇ ಅಂಟಿಸಿಟ್ಟುಕೊಳ್ಳುವುದರಿಂದ ಒದ್ದೆಯಾದ ಕೂಡಲೇ ಬದಲಿಸಬೇಕು. ಒಗೆದ ಮೇಲೆ ನೊರೆ ಪೂರ್ತಿ ಹೋಗುವವರೆಗೆ ಜಾಲಿಸಿ, ಫ್ಯಾಬ್ರಿಕ್ ಸಾಫ್ಟನರ್ ಹಾಕಬೇಡಿ. ಮೇಲೆ ಪ್ಲಾಸ್ಟಿಕ್ ಚಡ್ಡಿ ತೊಡಿಸಿದರೆ ಬಟ್ಟೆಯಿಂದ ಸಿಗುವ ಗಾಳಿಯೂ ನಿಂತುಹೋಗುತ್ತದೆ.