ಟ್ಯೂಬ್ ಹಚ್ಚಿದರೂ ಮರಳಿ ಬರುವ ತುರಿಕೆ

ಪ್ರಶ್ನೆ: ನನಗ 38 ವರ್ಷ. ಇಡೀ ದಿನ ಮಗ್ಗದ ಕೆಲಸ. ಆರು ತಿಂಗಳಾತ್ರಿ, ಬಿಳಿ ಹೋಗತೈತಿ, ಕೆಳಗ ಭಾಳ ತಿಂಡಿ ಬಿಡತೈತಿ. ಮೆಡಿಕಲ್ ಶಾಪಿನ ಟ್ಯೂಬ್ ಹಚ್ಚಿದ್ರ ನಾಕು ದಿನ ಆರಾಮ, ಬಿಟ್ರ ಮತ್ತ ಸುರು. ಡೆಟಾಲ್ ನೀರಿಲೇನೂ ತೊಳದೀನಿ. ಏನ್ ಮಾಡ್ಲಿ?
– ಓದುಗಿ, ಬನಹಟ್ಟಿ

ಉತ್ತರ: ಮೊದಲು ಡೆಟಾಲ್ ಬಿಡಿ. ಸೋಂಕು ತಡೆಯುವ ಒಳ್ಳೆಯ ಬ್ಯಾಕ್ಟೀರಿಯಾ ಅದರಿಂದ ಸಾಯುತ್ತವೆ, ಚರ್ಮವೂ ಉರಿಯುತ್ತದೆ. ಹೊರಭಾಗಕ್ಕೆ ಬರೀ ನೀರು ಸಾಕು, ಒಳಗೆ ತೊಳೆಯಲೇಬೇಡಿ.

ಟ್ಯೂಬಿನ ಮೇಲೆ ಕ್ಲೊಬೆಟಾಸಾಲ್ ಅಥವಾ ಬೆಕ್ಲೊಮೆಥಾಸೋನ್ ಎಂದಿದೆಯೇ ಓದಿಸಿ. ಇದ್ದರೆ ಅದು ಸ್ಟೀರಾಯ್ಡ್. ತುರಿಕೆ ಅಡಗುತ್ತದೆ, ಫಂಗಸ್ ಒಳಗೊಳಗೇ ಬೆಳೆಯುತ್ತದೆ. ನಿಮ್ಮ ನಾಲ್ಕು ದಿನದ ಆರಾಮ ಬಹುಶಃ ಇದರದ್ದೇ.

ಬಿಳಿ ಹೋಗುವುದೆಲ್ಲ ಫಂಗಸ್ ಅಲ್ಲ. ಒಡೆದ ಮೊಸರಿನಂತೆ ಗಟ್ಟಿಯಾಗಿದ್ದು, ವಾಸನೆಯಿಲ್ಲದೆ ವಿಪರೀತ ತುರಿಕೆ, ಮೂತ್ರ ತಾಗಿದರೆ ಉರಿ ಇದ್ದರೆ ಹೆಚ್ಚಾಗಿ ಕ್ಯಾಂಡಿಡಾ ಎಂಬ ಫಂಗಸ್. ಬೂದುಬಣ್ಣದ ತೆಳು ಸ್ರಾವಕ್ಕೆ ಮೀನಿನ ವಾಸನೆ ಇದ್ದರೆ ಬ್ಯಾಕ್ಟೀರಿಯಾದ ತೊಂದರೆ. ಅದಕ್ಕೆ ಮೆಟ್ರೊನಿಡಜೋಲ್ ಬೇಕು, ಫಂಗಸ್ ಮಾತ್ರೆ ನಾಟುವುದಿಲ್ಲ. ಹಳದಿ-ಹಸಿರು, ನೊರೆ ಇದ್ದರೆ ಟ್ರೈಕೊಮೊನಾಸ್ ಎಂಬ, ಕೂಡುವುದರಿಂದ ಹರಡುವ ಸೋಂಕು ಇರಬಹುದು. ಗಂಡನೂ ಮಾತ್ರೆ ನುಂಗದಿದ್ದರೆ ಮತ್ತೆ ಅಂಟುತ್ತದೆ. ಕಿಬ್ಬೊಟ್ಟೆ ನೋವು, ಜ್ವರ, ಕೂಡಿದ ಮೇಲೆ ರಕ್ತ ಕಂಡರೆ ವೈದ್ಯರಲ್ಲಿ ಹೋಗಲು ತಡಮಾಡಬೇಡಿ.

ಕ್ಯಾಂಡಿಡಾ ಎಂದು ಖಾತ್ರಿಯಾದರೆ ಫ್ಲುಕೊನಜೋಲ್ 150 ಮಿ.ಗ್ರಾಂ. ಒಂದೇ ಮಾತ್ರೆ, ಇಲ್ಲವೇ ಕ್ಲೋಟ್ರಿಮಜೋಲ್ 100 ಮಿ.ಗ್ರಾಂ. ಯೋನಿಯ ಒಳಗಿಡುವ ಮಾತ್ರೆ ಆರೇಳು ರಾತ್ರಿ. ಮಲಗುವಾಗ ಅಂಗಾತ ಮಲಗಿ, ಮೊಣಕಾಲು ಮಡಚಿ, ಮಾತ್ರೆಯನ್ನು ತುಸು ಒದ್ದೆ ಮಾಡಿ ಬೆರಳಿಗೆ ಎಟುಕುವಷ್ಟು ಒಳಗೆ ಸರಿಸಿ. ಬೆಳಿಗ್ಗೆ ಬಿಳಿ ಪುಡಿ ಬಂದರೆ ಗಾಬರಿ ಬೇಡ. ಮೂರನೇ ದಿನಕ್ಕೆ ತುರಿಕೆ ನಿಂತಿತೆಂದು ಮಾತ್ರೆ ಬಿಡುವವರೇ ಹೆಚ್ಚು, ಬಿಡಬೇಡಿ.

ವರ್ಷದಲ್ಲಿ ಮೂರು ಸಲ ಬಂದರೆ ಸಕ್ಕರೆ ಪರೀಕ್ಷೆ ಆಗಲೇಬೇಕು. ಆಗ ಫ್ಲುಕೊನಜೋಲ್ ಮಾತ್ರೆಯೂ ಆರು ತಿಂಗಳು, ವಾರಕ್ಕೊಂದರಂತೆ, ವೈದ್ಯರ ನಿಗಾದಲ್ಲಿ ನಡೆಯುತ್ತದೆ. ಜಿಲ್ಲಾಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ತಪಾಸಣೆ, ಔಷಧಿ ಉಚಿತ. ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ. ಕೂತು ದುಡಿಯುವವರು ನೈಲಾನ್ ಬಿಟ್ಟು ಹತ್ತಿಯ ಒಳಉಡುಪು ತೊಡಿ, ಬೆವತರೆ ಬದಲಿಸಿ.

ಪ್ರಶ್ನೆ: ಆರು ತಿಂಗಳ ಬಸುರಿ. ಇದೇ ತೊಂದರೆ. ಫ್ಲುಕೊನಜೋಲ್ ನುಂಗಬಹುದೇ?
– ಓದುಗಿ, ಸಿಂದಗಿ

ಉತ್ತರ: ಬೇಡ. ಬಸುರಿಯರಿಗೆ ಒಳಗಿಡುವ ಕ್ಲೋಟ್ರಿಮಜೋಲ್ ಏಳು ರಾತ್ರಿ ಕೊಡುತ್ತಾರೆ. ಅಪ್ಲಿಕೇಟರ್ (ಮಾತ್ರೆ ಒಳಗೆ ತಳ್ಳುವ ಕೊಳವೆ) ಬಳಸದೆ ಬೆರಳಿನಿಂದಲೇ ಇಡಿ. ನೀರು ಸುರಿದಂತೆ ಸ್ರಾವವಾದರೆ ಅದು ಸೋಂಕಲ್ಲದೆ ಗರ್ಭದ ನೀರೂ ಇರಬಹುದು, ಅಂದೇ ಆಸ್ಪತ್ರೆಗೆ ಹೋಗಿ.