ಹೊರದೇಶದ ಮನೆ, ಎರಡು ದೇಶಗಳ ಲೆಕ್ಕ

ಓದುಗರ ಪ್ರಶ್ನೆಗಳು, ಬಲ್ಲವರ ಉತ್ತರಗಳು

ಪ್ರಶ್ನೆ: ಹುಬ್ಬಳ್ಳಿಯಲ್ಲಿ ವ್ಯಾಪಾರ ಮಾಡಿಕೊಂಡಿದ್ದೇನೆ. ಬೆಂಗಳೂರಿನ ಹೋಟೆಲೊಂದರಲ್ಲಿ ನಡೆದ ಪ್ರದರ್ಶನದಲ್ಲಿ ದುಬೈನ ಫ್ಲ್ಯಾಟ್ ಒಂದನ್ನು ತೋರಿಸಿದರು. ಬೆಲೆ 10 ಲಕ್ಷ ದಿರ್ಹಮ್, ಇನ್ನೂ ಕಟ್ಟುತ್ತಿದ್ದಾರೆ. ‘ಬುಕಿಂಗ್ ಹಣ ಕ್ರೆಡಿಟ್ ಕಾರ್ಡಿನಲ್ಲಿ ಕೊಡಿ, ಉಳಿದದ್ದು ಕಂತಿನಲ್ಲಿ, ತೆರಿಗೆಯಂತೂ ಇಲ್ಲವೇ ಇಲ್ಲ’ ಅನ್ನುತ್ತಾರೆ. ನಂಬಬಹುದೇ?

ಉತ್ತರ: ಮೂರು ಮಾತಿನಲ್ಲಿ ಕಂತಿನದು ಮಾತ್ರ ಅರ್ಧ ನಿಜ. ಉಳಿದೆರಡನ್ನು ನಂಬಿದರೆ ತೊಂದರೆ ನಿಮಗೇ, ಮಾರಾಟಗಾರನಿಗಲ್ಲ.

ಮೊದಲು ಕಾರ್ಡು. ಹೊರದೇಶದಲ್ಲಿ ಆಸ್ತಿ ಕೊಳ್ಳುವುದು ವಿದೇಶಿ ವಿನಿಮಯದ ಕಾನೂನಾದ ಫೆಮಾ ಕಾಯ್ದೆಯ ಪ್ರಕಾರ ಬಂಡವಾಳ ಖಾತೆಯ (ಆಸ್ತಿ, ಹೂಡಿಕೆಯ) ವ್ಯವಹಾರ. ಅಂತರರಾಷ್ಟ್ರೀಯ ಕ್ರೆಡಿಟ್ ಕಾರ್ಡು ಇರುವುದು ಪ್ರವಾಸ, ಖರೀದಿಯಂಥ ಚಾಲ್ತಿ ವೆಚ್ಚಗಳಿಗೆ. ಯಂತ್ರ ಕಾರ್ಡನ್ನು ಸ್ವೀಕರಿಸಿತು ಅಂದಮಾತ್ರಕ್ಕೆ ಪಾವತಿ ಸಕ್ರಮವಾಗುವುದಿಲ್ಲ. ಹಣ ಹೋಗಬೇಕಾದದ್ದು ನಿವಾಸಿಗಳು ಹೊರದೇಶಕ್ಕೆ ಹಣ ಕಳಿಸಲು ಇರುವ ಎಲ್‌ಆರ್‌ಎಸ್ ಯೋಜನೆಯಲ್ಲಿ: ನಿಮ್ಮ ಉಳಿತಾಯ ಖಾತೆಯಿಂದ, ಎ2 ಅರ್ಜಿ ತುಂಬಿ, ಉದ್ದೇಶದ ಜಾಗದಲ್ಲಿ ವಿದೇಶಿ ಸ್ಥಿರಾಸ್ತಿ ಎಂದೇ ಬರೆದು. ‘ಕುಟುಂಬ ನಿರ್ವಹಣೆ’ ಎಂದು ಬರೆದು ಕಳಿಸಿ ಆಮೇಲೆ ಫ್ಲ್ಯಾಟ್ ಕೊಂಡರೆ ದಾಖಲೆ ನಿಮ್ಮ ವಿರುದ್ಧವೇ ಮಾತಾಡುತ್ತದೆ. ಈ ಹಣಕ್ಕಾಗಿ ಇಲ್ಲಿನ ಬ್ಯಾಂಕಿನಿಂದ ಸಾಲ ಪಡೆಯುವಂತೆಯೂ ಇಲ್ಲ.

ಮಿತಿ ಒಬ್ಬರಿಗೆ ಒಂದು ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್. ದಿರ್ಹಮ್ ಡಾಲರಿಗೆ 3.6725ರಂತೆ ಕಟ್ಟಿಬಿದ್ದಿರುವುದರಿಂದ ಇದು 9,18,125 ದಿರ್ಹಮ್. ಅಂದರೆ ನಿಮ್ಮೊಬ್ಬರ ಒಂದು ವರ್ಷದ ಮಿತಿ ಈ ಫ್ಲ್ಯಾಟಿನ ಬೆಲೆಗೇ ಸಾಲದು. ಪತ್ನಿಯ ಮಿತಿಯನ್ನೂ ಸೇರಿಸಬಹುದು, ಆದರೆ ಹಣ ಅವರ ಖಾತೆಯಿಂದ ಅವರ ಪ್ಯಾನ್‌ನಲ್ಲೇ ಹೋಗಲಿ, ಹಕ್ಕುಪತ್ರದಲ್ಲೂ ಅವರ ಹೆಸರಿರಲಿ. ಆ ಹಣ ನೀವೇ ಅವರಿಗೆ ಕೊಟ್ಟದ್ದಾದರೆ ಅವರ ಪಾಲಿನ ಬಾಡಿಗೆ ನಿಮ್ಮ ಆದಾಯಕ್ಕೇ ಸೇರುತ್ತದೆ.

ಕಳಿಸುವಾಗ ಬ್ಯಾಂಕು ಮೊದಲೇ ವಸೂಲು ಮಾಡುವ ತೆರಿಗೆಯಾದ ಟಿಸಿಎಸ್ ಹಿಡಿಯುತ್ತದೆ. ವರ್ಷದಲ್ಲಿ ಮೊದಲ 10 ಲಕ್ಷ ರೂಪಾಯಿಗೆ ಇಲ್ಲ, ಮೇಲ್ಪಟ್ಟದ್ದಕ್ಕೆ ಶೇ 20. ಉದಾಹರಣೆಗೆ 50 ಲಕ್ಷ ಕಳಿಸಿದರೆ 8 ಲಕ್ಷ ಹೆಚ್ಚುವರಿಯಾಗಿ ಕೈಯಲ್ಲಿರಬೇಕು. ಇದು ಖರ್ಚಲ್ಲ, ರಿಟರ್ನ್ಸ್‌ನಲ್ಲಿ ತೆರಿಗೆಗೆ ವಜಾ ಆಗುತ್ತದೆ ಅಥವಾ ವಾಪಸ್ ಬರುತ್ತದೆ. ಆದರೆ ತಿಂಗಳುಗಟ್ಟಲೆ ಸಿಕ್ಕಿಬಿದ್ದಿರುತ್ತದೆ. ಅನೇಕರ ಕಂತು ತಪ್ಪುವುದು ಈ 20 ಪರ್ಸೆಂಟನ್ನು ಲೆಕ್ಕಕ್ಕೆ ಹಿಡಿಯದೆ. ಮಾರ್ಚ್‌ನಲ್ಲಿ ಒಂದಿಷ್ಟು, ಏಪ್ರಿಲ್‌ನಲ್ಲಿ ಒಂದಿಷ್ಟು ಕಳಿಸಿದರೆ ಮಿತಿಯೂ 10 ಲಕ್ಷದ ವಿನಾಯಿತಿಯೂ ಎರಡು ವರ್ಷಕ್ಕೆ ಹಂಚಿಹೋಗುತ್ತವೆ.

ಇನ್ನು ಕಂತು. ಕಟ್ಟಡ ಏಳುತ್ತಿರುವಾಗ ಹಂತಹಂತವಾಗಿ ಕೊಡುವುದು ಅಲ್ಲಿ ಮಾಮೂಲು. ಆದರೆ ಕೀಲಿ ಕೈಗೆ ಬಂದ ಮೇಲೂ ವರ್ಷಗಟ್ಟಲೆ ಕಟ್ಟುವ ಯೋಜನೆಯನ್ನು ಹೊರದೇಶದ ಸಾಲ ಎಂದು ನೋಡುವ ಅಪಾಯ ಇದೆ. ಅಂಥದ್ದಕ್ಕೆ ಸಹಿ ಹಾಕುವ ಮುಂಚೆ ನಿಮ್ಮ ಸಿಎ ಅವರಿಂದ ಬರವಣಿಗೆಯಲ್ಲಿ ಅಭಿಪ್ರಾಯ ಪಡೆಯಿರಿ. ಮಾರಾಟಗಾರನ ಬಾಯಿಮಾತು ಸಾಲದು.

ಯೋಜನೆಯನ್ನು ಪರೀಕ್ಷಿಸುವುದು ಅಷ್ಟು ಕಷ್ಟವಲ್ಲ. ದುಬೈನ 2007ರ 8ನೇ ಕಾನೂನಿನ ಪ್ರಕಾರ ಕಟ್ಟುತ್ತಿರುವ ಪ್ರತಿ ಯೋಜನೆಗೂ ಬೇರೆಯೇ ಎಸ್ಕ್ರೋ ಖಾತೆ (ಕೊಳ್ಳುವವರ ಹಣವನ್ನು ಆ ಯೋಜನೆಗೇ ಮೀಸಲಿಡುವ ಖಾತೆ) ಇರಬೇಕು. ದುಬೈ ಭೂ ಇಲಾಖೆಯ ‘ದುಬೈ ರೆಸ್ಟ್’ ಆ್ಯಪಿನಲ್ಲಿ ಯೋಜನೆಯ ಹೆಸರು ಹುಡುಕಿ, ನೋಂದಣಿ ಮತ್ತು ಕಾಮಗಾರಿಯ ಹಂತ ನೋಡಿ. ಹಣ ಎಸ್ಕ್ರೋ ಖಾತೆಗೆ ಮಾತ್ರ ಹೋಗಲಿ, ಬಿಲ್ಡರ್‌ನ ಅಥವಾ ಏಜೆಂಟನ ಸ್ವಂತ ಖಾತೆಗೆ ಬೇಡ. ನಿಮ್ಮ ಹೆಸರಿನಲ್ಲಿ ‘ಉಕೂದ್’ (ಕಟ್ಟುತ್ತಿರುವ ಫ್ಲ್ಯಾಟಿನ ಸರ್ಕಾರಿ) ನೋಂದಣಿ ಆಗುವವರೆಗೆ ಕೈಯಲ್ಲಿರುವುದು ಬರೀ ರಸೀದಿ. ಫ್ಲ್ಯಾಟು ಹೊರದೇಶದವರಿಗೆ ಪೂರ್ಣ ಒಡೆತನ ಸಿಗುವ ಪ್ರದೇಶದಲ್ಲಿದೆಯೇ ಎಂಬುದನ್ನೂ ಖಾತ್ರಿ ಮಾಡಿಕೊಳ್ಳಿ. ದುಬೈ ಪೂರ್ತಿ ಹಾಗಿಲ್ಲ.

ಮೇಲುಖರ್ಚು: ಭೂ ಇಲಾಖೆಗೆ ಬೆಲೆಯ ಶೇ 4, ಅಂದರೆ 40,000 ದಿರ್ಹಮ್. ಬಿಲ್ಡರ್‌ನಿಂದ ನೇರ ಕೊಂಡರೆ ಸಾಮಾನ್ಯವಾಗಿ ಏಜೆಂಟನ ಕಮಿಷನ್ ನಿಮ್ಮ ಮೇಲೆ ಬೀಳುವುದಿಲ್ಲ. ಸಿದ್ಧ ಫ್ಲ್ಯಾಟನ್ನು ಇನ್ನೊಬ್ಬರಿಂದ ಕೊಂಡರೆ ಕಮಿಷನ್ ಶೇ 2 ಹಾಗೂ ಅದರ ಮೇಲೆ ಶೇ 5 ವ್ಯಾಟ್ ಸೇರಿ 21,000, ನೋಂದಣಿ ಟ್ರಸ್ಟೀ ಕಚೇರಿಗೆ ವ್ಯಾಟ್ ಸೇರಿ 4,200, ಹಕ್ಕುಪತ್ರಕ್ಕೆ 580. ಆಮೇಲೆ ವರ್ಷವರ್ಷದ ನಿರ್ವಹಣಾ ಶುಲ್ಕ: ಚದರ ಅಡಿಗೆ 15 ದಿರ್ಹಮ್ ಎಂದಿಟ್ಟುಕೊಂಡರೂ 800 ಚದರ ಅಡಿಗೆ 12,000. ಪ್ರದರ್ಶನದಲ್ಲಿ ಹೇಳುವ ಬಾಡಿಗೆ ಪ್ರತಿಫಲದಲ್ಲಿ ಇದನ್ನು ಕಳೆದಿರುವುದು ಅಪರೂಪ, ಕೇಳಿಯೇ ತಿಳಿದುಕೊಳ್ಳಿ.

‘ತೆರಿಗೆ ಇಲ್ಲ’ ಅನ್ನುವುದು ಅಲ್ಲಿನ ಮಾತು. ನೀವು ಭಾರತದ ನಿವಾಸಿ, ನಿಮ್ಮ ಜಗತ್ತಿನ ಎಲ್ಲ ಆದಾಯಕ್ಕೂ ಇಲ್ಲಿ ತೆರಿಗೆ ಇದೆ. ಬಾಡಿಗೆಯಲ್ಲಿ ಶೇ 30 ಕಳೆದು ಉಳಿದದ್ದು ನಿಮ್ಮ ಸ್ಲ್ಯಾಬಿಗೆ ಸೇರುತ್ತದೆ. ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿಯ ಅನುಸೂಚಿ ತುಂಬಲೇಬೇಕು. ಅದರ ಲೆಕ್ಕ ಜನವರಿಯಿಂದ ಡಿಸೆಂಬರ್‌ಗೆ, ಏಪ್ರಿಲ್‌ನಿಂದ ಮಾರ್ಚ್‌ಗೆ ಅಲ್ಲ. ಬಿಟ್ಟರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಈಚೆಗೆ ಕೊಟ್ಟ 20 ಲಕ್ಷದವರೆಗಿನ ಸಡಿಲಿಕೆ ಬ್ಯಾಂಕ್ ಖಾತೆ, ಷೇರಿನಂಥವಕ್ಕೆ, ಮನೆಗಲ್ಲ.

ಪ್ರಶ್ನೆ: ದುಬೈನಲ್ಲಿರುವ ಭಾವ ನಮ್ಮ ಪರವಾಗಿ ಅಲ್ಲೇ ದಿರ್ಹಮ್ ಕಟ್ಟುತ್ತಾರೆ. ಅಷ್ಟೇ ರೂಪಾಯಿಯನ್ನು ನಾವು ಮಂಗಳೂರಿನಲ್ಲಿ ಅವರ ತಂದೆಗೆ ಕೊಟ್ಟರೆ ಟಿಸಿಎಸ್ ಉಳಿಯುತ್ತದಲ್ಲ?

ಉತ್ತರ: ಬೇಡ. ಅಲ್ಲಿ ಕೊಟ್ಟು ಇಲ್ಲಿ ತೀರಿಸುವುದನ್ನೇ ಹವಾಲಾ ಅನ್ನುವುದು. ಸಂಬಂಧಿಕರ ನಡುವೆ ನಡೆದರೂ ಫೆಮಾ ಉಲ್ಲಂಘನೆಯೇ, ದಂಡ ಆ ಮೊತ್ತದ ಮೂರು ಪಟ್ಟಿನವರೆಗೆ. ಉಳಿಸಲು ಹೊರಟಿರುವುದು ಹೇಗೂ ವಾಪಸ್ ಬರುವ ಹಣ.

ಪ್ರಶ್ನೆ: 14 ವರ್ಷ ಎಚ್‌-1ಬಿ ವೀಸಾದಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿದ್ದು, ಎರಡು ವರ್ಷದ ಹಿಂದೆ ಮೈಸೂರಿಗೆ ಮರಳಿದ್ದೇವೆ. ಗ್ರೀನ್ ಕಾರ್ಡ್ ಆಗಿರಲಿಲ್ಲ. 3 ಲಕ್ಷ ಡಾಲರ್‌ಗೆ ಕೊಂಡು ಹಲವು ವರ್ಷ ವಾಸವಿದ್ದ ಮನೆ ಈಗ ಬಾಡಿಗೆಗಿದೆ. 4.5 ಲಕ್ಷಕ್ಕೆ ಕೇಳುತ್ತಿದ್ದಾರೆ. ‘ಶೇ 15 ಹಿಡಿದುಕೊಳ್ಳುತ್ತಾರೆ’ ಎಂದು ಏಜೆಂಟ್ ಹೇಳಿದ್ದಾರೆ. ಲಾಭದ ಮೇಲೋ, ಬೆಲೆಯ ಮೇಲೋ?

ಉತ್ತರ: ಬೆಲೆಯ ಮೇಲೆ. ಫರ್ಪ್ಟಾ ಎಂಬ ಕಾನೂನಿನ ಪ್ರಕಾರ ಮಾರುವವರು ವಿದೇಶಿಯರಾದರೆ ಕೊಳ್ಳುವವರೇ ಪೂರ್ತಿ ಬೆಲೆಯ ಶೇ 15 ಹಿಡಿದು ಅಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಕಟ್ಟಬೇಕು. ನಿಮ್ಮ ಲೆಕ್ಕದಲ್ಲಿ 67,500 ಡಾಲರ್. ಕೊಳ್ಳುವವರು ತಾವೇ ವಾಸಕ್ಕೆ ಬರುವುದಾಗಿ ಬರೆದುಕೊಟ್ಟು, ಬೆಲೆ 3 ಲಕ್ಷಕ್ಕಿಂತ ಹೆಚ್ಚು, 10 ಲಕ್ಷದೊಳಗೆ ಇದ್ದರೆ ಶೇ 10, ಅಂದರೆ 45,000. (ಗ್ರೀನ್ ಕಾರ್ಡ್ ಇನ್ನೂ ಚಾಲ್ತಿಯಲ್ಲಿರುವವರಿಗೆ, ಅಮೆರಿಕದ ಪ್ರಜೆಗಳಿಗೆ ಇದು ಅನ್ವಯಿಸದು. ಅವರು ಮೈಸೂರಿನಲ್ಲಿದ್ದರೂ ಸರಿ.)

ನಿಮ್ಮ ನಿಜವಾದ ತೆರಿಗೆ ಇದರ ಹತ್ತಿರಕ್ಕೂ ಬರಲಾರದು. ಮಾರುವ ದಿನಕ್ಕೆ ಹಿಂದಿನ ಐದು ವರ್ಷದಲ್ಲಿ ಎರಡು ವರ್ಷ ಆ ಮನೆಯಲ್ಲಿ ವಾಸವಿದ್ದರೆ ಒಬ್ಬರಿಗೆ 2.5 ಲಕ್ಷ ಡಾಲರ್‌ವರೆಗಿನ ಲಾಭಕ್ಕೆ ಅಲ್ಲಿ ತೆರಿಗೆ ಇಲ್ಲ. ಅನಿವಾಸಿಯಾದ ಮೇಲೂ ಈ ವಿನಾಯಿತಿ ಉಳಿಯುತ್ತದೆ. ಆದರೆ ಮನೆ ಬಿಟ್ಟ ಮೂರು ವರ್ಷದೊಳಗೆ ಕ್ರಯ ಮುಗಿಯಬೇಕು, ಈಗಾಗಲೇ ಎರಡು ಕಳೆದಿವೆ. ದಂಪತಿಗೆ 5 ಲಕ್ಷ ಎಂದು ನೀವು ಕೇಳಿರಬಹುದು. ಅದು ಜಂಟಿ ರಿಟರ್ನ್ಸ್ ಸಲ್ಲಿಸುವವರಿಗೆ, ಅನಿವಾಸಿ ದಂಪತಿ ಸಾಮಾನ್ಯವಾಗಿ ಹಾಗೆ ಸಲ್ಲಿಸುವಂತಿಲ್ಲ. ನಿಮ್ಮ ಲಾಭ ಸುಮಾರು 1.5 ಲಕ್ಷವಾದ್ದರಿಂದ ಒಬ್ಬರ ಮಿತಿಯೇ ಸಾಕು.

ವಿನಾಯಿತಿಗೆ ಸೇರದ ಭಾಗವೊಂದಿದೆ: ಬಾಡಿಗೆಗೆ ಕೊಟ್ಟ ಕಾಲದ ಸವಕಳಿ (ಕಟ್ಟಡ ಹಳತಾಗುವ ಲೆಕ್ಕದಲ್ಲಿ ವರ್ಷವರ್ಷ ಬಾಡಿಗೆ ಆದಾಯದಿಂದ ಕಳೆಯುವ ಮೊತ್ತ). ಜಾಗ ಬಿಟ್ಟು ಕಟ್ಟಡದ ಬೆಲೆ 2.4 ಲಕ್ಷ ಎಂದುಕೊಂಡರೆ 27.5 ವರ್ಷಕ್ಕೆ ಹಂಚಿ ವರ್ಷಕ್ಕೆ ಸುಮಾರು 8,700, ಎರಡು ವರ್ಷಕ್ಕೆ 17,400. ಅದಕ್ಕೆ ಗರಿಷ್ಠ ಶೇ 25ರಂತೆ 4,350 ಡಾಲರ್. ನೀವು ಸವಕಳಿ ಕ್ಲೇಮ್ ಮಾಡಿರದಿದ್ದರೂ ಮಾಡಿದಂತೆಯೇ ಲೆಕ್ಕ ಹಾಕುತ್ತಾರೆ. ಈ ಎರಡು ವರ್ಷದ ಬಾಡಿಗೆಗೆ ಅಲ್ಲಿನ ಅನಿವಾಸಿಗಳ ರಿಟರ್ನ್ಸ್ ಆದ 1040-ಎನ್‌ಆರ್ ಸಲ್ಲಿಸಿರದಿದ್ದರೆ ಅದನ್ನು ಮೊದಲು ಸರಿಪಡಿಸಿ, ಮುಂದಿನ ಅರ್ಜಿಗೆ ಅಡ್ಡ ಬರುತ್ತದೆ.

4,000 ಚಿಲ್ಲರೆ ತೆರಿಗೆಗೆ 67,500 ಒಪ್ಪಿಸಿ ಮರುವರ್ಷದ ರಿಟರ್ನ್ಸ್‌ವರೆಗೆ ಕಾಯಬೇಕಿಲ್ಲ. ಕ್ರಯದ ದಿನ ಅಥವಾ ಅದಕ್ಕೂ ಮುಂಚೆ 8288-ಬಿ ನಮೂನೆಯಲ್ಲಿ ಕಡಿತ ತಗ್ಗಿಸಲು ಅರ್ಜಿ ಹಾಕಿ. ಐಆರ್‌ಎಸ್ ಸಾಮಾನ್ಯವಾಗಿ 90 ದಿನದಲ್ಲಿ ಉತ್ತರಿಸಬೇಕು. ಅಲ್ಲಿಯವರೆಗೆ ಹಣ ಕ್ರಯ ನಡೆಸಿಕೊಡುವ ಟೈಟಲ್ ಕಂಪನಿಯ ಬಳಿಯೇ ಇರುತ್ತದೆ. ಕ್ರಯ ಮುಗಿದ ಮರುದಿನ ಹಾಕಿದರೂ ಈ ದಾರಿ ಮುಚ್ಚಿತು. ಹಕ್ಕುಪತ್ರದಲ್ಲಿ ಇಬ್ಬರ ಹೆಸರಿದ್ದರೆ ಇಬ್ಬರಿಗೂ ತೆರಿಗೆ ಸಂಖ್ಯೆ ಬೇಕು. ನಿಮ್ಮ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಹಾಗೇ ನಡೆಯುತ್ತದೆ. ಎಚ್‌-4 (ಅವಲಂಬಿತರ) ವೀಸಾದಲ್ಲಿದ್ದ ಪತ್ನಿಯ ಐಟಿಐಎನ್ (ಆ ಸಂಖ್ಯೆ ಸಿಗದವರಿಗೆ ಕೊಡುವ ತೆರಿಗೆ ಸಂಖ್ಯೆ) ಮೂರು ವರ್ಷ ಸತತ ಬಳಸದಿದ್ದರೆ ರದ್ದಾಗುತ್ತದೆ, ಈಗಲೇ ನೋಡಿಕೊಳ್ಳಿ. ಟೆಕ್ಸಾಸ್‌ನಲ್ಲಿ ರಾಜ್ಯದ ಕಡಿತವಿಲ್ಲ. ಕ್ಯಾಲಿಫೋರ್ನಿಯಾ ಆಗಿದ್ದರೆ ಬೆಲೆಯ ಶೇ 3.33 ಬೇರೆ.

ಇನ್ನು ಭಾರತದ ಕಡೆ. ಅಮೆರಿಕದ 2.5 ಲಕ್ಷದ ವಿನಾಯಿತಿಗೆ ಇಲ್ಲಿ ಬೆಲೆಯಿಲ್ಲ. ನಿಮ್ಮನ್ನು ಕಾಯುವುದು ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ಸ್ಥಾನ. ಹಿಂದಿನ 10 ವರ್ಷದಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಇಲ್ಲವೇ ಹಿಂದಿನ 7 ವರ್ಷದಲ್ಲಿ ಭಾರತದಲ್ಲಿ ಕಳೆದ ದಿನಗಳು 729 ಮೀರದಿದ್ದರೆ ಅದು ಸಿಗುತ್ತದೆ. ಮರಳಿದವರಿಗೆ ಮೊದಲೆರಡು ಆರ್ಥಿಕ ವರ್ಷ ಸುಲಭ. ಮೂರನೆಯದು ದಿನಗಳ ಎಣಿಕೆಯ ಮೇಲೆ ನಿಂತಿದೆ, ರಜೆಗೆ ಊರಿಗೆ ಬಂದುಹೋದ ದಿನಗಳೂ ಸೇರುತ್ತವೆ. ಪಾಸ್‌ಪೋರ್ಟಿನ ಮುದ್ರೆಗಳನ್ನು ಹಿಡಿದು ಕೂತು ಎಣಿಸಿ. ಆ ಸ್ಥಾನ ಇರುವಾಗ ಮಾರಿ, ಹಣ ಮೊದಲು ಅಮೆರಿಕದ ಖಾತೆಗೇ ಬಿದ್ದರೆ ಲಾಭಕ್ಕೆ ಇಲ್ಲಿ ತೆರಿಗೆಯಿಲ್ಲ. ಆ ಅವಧಿ ಮುಗಿದ ಮೇಲೆ ಮಾರಿದರೆ ದೀರ್ಘಾವಧಿ ಲಾಭಕ್ಕೆ ಶೇ 12.5 ಹಾಗೂ ಸೆಸ್. ಅಮೆರಿಕದಲ್ಲಿ ತೆರಿಗೆಯೇ ಕಟ್ಟಿರದಿದ್ದರೆ ವಜಾ ಮಾಡಿಕೊಳ್ಳಲೂ ಏನಿರುವುದಿಲ್ಲ. ಆಗ ಉಳಿಯುವ ದಾರಿ ಎರಡು ವರ್ಷದೊಳಗೆ ಭಾರತದಲ್ಲಿ ಮನೆ ಕೊಳ್ಳುವುದು ಅಥವಾ ಮೂರು ವರ್ಷದೊಳಗೆ ಕಟ್ಟಿಸುವುದು. ಅನಿವಾಸಿಯಾಗಿದ್ದಾಗ ಕೊಂಡ ಮನೆಯಾದ್ದರಿಂದ ಹಣವನ್ನು ಅಲ್ಲೇ ಇಟ್ಟುಕೊಳ್ಳುವುದಕ್ಕೂ ಫೆಮಾದಲ್ಲಿ ಅಡ್ಡಿಯಿಲ್ಲ.

ಸಹಿಯ ವಿಷಯ: ಇಲ್ಲಿನ ನೋಟರಿಯ ಮುದ್ರೆಯೊಂದೇ ಸಾಕು ಎಂದುಕೊಳ್ಳಬೇಡಿ. ಅಪೋಸ್ಟಿಲ್ (ಹೊರದೇಶದಲ್ಲಿ ನಡೆಯುವಂತೆ ಸರ್ಕಾರ ಕೊಡುವ ದೃಢೀಕರಣ) ಬೇಕೋ, ಅಮೆರಿಕದ ಕಾನ್ಸುಲೇಟಿನಲ್ಲೇ ಸಹಿ ಮಾಡಬೇಕೋ ಎಂದು ಟೈಟಲ್ ಕಂಪನಿಯಿಂದ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ. ಕ್ರಯದ ವಾರದಲ್ಲಿ ‘ಬ್ಯಾಂಕ್ ಖಾತೆ ಬದಲಾಗಿದೆ’ ಎಂದು ಇಮೇಲ್ ಬಂದರೆ ವಂಚಕರದ್ದೆಂದೇ ಭಾವಿಸಿ, ಹಳೆಯ ಫೋನ್ ಸಂಖ್ಯೆಗೆ ಕರೆ ಮಾಡಿ.

ಪ್ರಶ್ನೆ: ನಾವು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮೂರೂವರೆ ವರ್ಷದಿಂದ ಇದ್ದೇವೆ. 4 ಲಕ್ಷ ಪೌಂಡಿನ ಮನೆ ನೋಡಿದ್ದೇವೆ. ಇಲ್ಲಿ ಇದೇ ನಮ್ಮ ಮೊದಲ ಮನೆ. ಮಾರ್ಟ್‌ಗೇಜ್ ಬ್ರೋಕರ್ ಸ್ಟ್ಯಾಂಪ್ ಡ್ಯೂಟಿ 5,000 ಅಂದರು, ಸಾಲಿಸಿಟರ್ 30,000 ಅನ್ನುತ್ತಿದ್ದಾರೆ. ನನ್ನ ಹೆಸರಿನಲ್ಲಿ ಬೆಂಗಳೂರಿನಲ್ಲೊಂದು ಫ್ಲ್ಯಾಟ್ ಇದೆ.

ಉತ್ತರ: ಸಾಲಿಸಿಟರ್ ಹೇಳಿದ್ದು ಸರಿ. ‘ಮೊದಲ ಮನೆ’ ಅಂದರೆ ಜಗತ್ತಿನಲ್ಲೇ ಮೊದಲನೆಯದು, ಬ್ರಿಟನ್ನಿನಲ್ಲಿ ಅಲ್ಲ. ಬೆಂಗಳೂರಿನ ಫ್ಲ್ಯಾಟಿನಿಂದ ಆ ರಿಯಾಯಿತಿ ಶಾಶ್ವತವಾಗಿ ಹೋಯಿತು. ಜತೆಗೆ ನಿಮ್ಮ ಪಾಲು 40,000 ಪೌಂಡ್ ಅಥವಾ ಹೆಚ್ಚು ಬೆಲೆಬಾಳಿದರೆ ಹೆಚ್ಚುವರಿ ಮನೆ ಎಂದು ಪೂರ್ತಿ ಬೆಲೆಗೆ ಶೇ 5 ಬೀಳುತ್ತದೆ. ಸಾಮಾನ್ಯ ದರದಲ್ಲಿ 10,000, ಅದರ ಮೇಲೆ 20,000. ಮನೆಯನ್ನು ಪತ್ನಿಯ ಹೆಸರಿಗೆ ಮಾತ್ರ ಮಾಡಿಸಿದರೂ ದಂಪತಿಯನ್ನು ಒಂದಾಗಿಯೇ ಎಣಿಸುತ್ತಾರೆ.

ಕಂಪ್ಲೀಷನ್ ದಿನಕ್ಕೆ (ಪೂರ್ತಿ ಹಣ ಕೊಟ್ಟು ಮನೆ ಕೈಗೆ ಬರುವ ದಿನ) ಮುಂಚೆ ಫ್ಲ್ಯಾಟನ್ನು ಮಾರಿ ಮುಗಿಸಿದರೆ 10,000ಕ್ಕೆ ಇಳಿಯುತ್ತದೆ. ಕೊಂಡ ಮೇಲೆ ಮಾರಿ ಶೇ 5 ವಾಪಸ್ ಕೇಳುವ ದಾರಿ, ಖರೀದಿಗೆ ಹಿಂದಿನ ಮೂರು ವರ್ಷದಲ್ಲಿ ಯಾವಾಗಲಾದರೂ ಆ ಫ್ಲ್ಯಾಟಿನಲ್ಲೇ ಮುಖ್ಯವಾಗಿ ವಾಸವಿದ್ದವರಿಗೆ ಮಾತ್ರ. ನಿಮಗೆ ಅದು ಕಳೆದುಹೋಗಿದೆ. ಊರಿನ ಮನೆಯಲ್ಲಿ ಪಿತ್ರಾರ್ಜಿತ ಪಾಲು ಇರುವವರಿಗೆ ಒಂದು ಮಾತು: ಪಾಲು ಅರ್ಧ ಮೀರದೆ, ಬಂದು ಮೂರು ವರ್ಷ ಆಗಿರದಿದ್ದರೆ ಶೇ 5ಕ್ಕೆ ಲೆಕ್ಕವಿಲ್ಲ. ಮೊದಲ ಮನೆಯ ರಿಯಾಯಿತಿಯನ್ನು ಮಾತ್ರ ಅದೂ ಕೆಡಿಸುತ್ತದೆ.

ಬೆಂಗಳೂರಿನಲ್ಲಿ ಮಾರಲು ಹೊರಟರೆ ನೀವು ಅನಿವಾಸಿ, ಆದ್ದರಿಂದ ಕೊಳ್ಳುವವರು ಟಿಡಿಎಸ್ ಕಡಿತವನ್ನು ಪೂರ್ತಿ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ, ಕಡಿಮೆ ಕಡಿತದ ಪ್ರಮಾಣಪತ್ರ ತರದಿದ್ದರೆ. ಹಣ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಭಾರತದಲ್ಲಿ ಇಡುವ ಖಾತೆ) ಬಂದು, ಸಿಎ ಪ್ರಮಾಣಪತ್ರದೊಂದಿಗೆ ಇಂಗ್ಲೆಂಡಿಗೆ ಹೊರಡಲು ವಾರಗಳೇ ಬೇಕು. ಆ ಹಣ ಕೈಗೆ ಬರುವ ಮುಂಚೆ, ಎರಡೂ ಕಡೆಯವರನ್ನು ಕಟ್ಟಿಹಾಕುವ ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್ ಮಾಡಿಕೊಳ್ಳಬೇಡಿ. ಎಕ್ಸ್‌ಚೇಂಜ್‌ವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಹಿಂದೆ ಸರಿಯಬಹುದು, ಆದರೆ ಆಮೇಲೆ ಹಣ ಹೊಂದಲಿಲ್ಲವೆಂದರೆ ಶೇ 10ರ ಠೇವಣಿ, ನಿಮ್ಮ ಲೆಕ್ಕದಲ್ಲಿ 40,000 ಪೌಂಡ್, ಹೋದಂತೆಯೇ.